ಸಿಬ್ಬಂದಿ ಸಂಖ್ಯೆ ನಾಲ್ಕು

ಶನಿವಾರದ ನದಿಪಾಠಕ್ಕೆ ಬರುವ ಮಕ್ಕಳಿಗೆ ವಸುಂಧರ ಪುಸ್ತಕ ತರಬೇಡಿ ಎನ್ನುತ್ತಿದ್ದಳು. ತಲಕಾಡಿನ ಮರಳುದಿಬ್ಬಗಳನ್ನು ಬಳಸಿಕೊಂಡು ಕಾವೇರಿ ತಿರುಗುವ ಕಡೆ ದಂಡೆಯ ಮೇಲೆ ಅವರನ್ನು ನಡೆಸಿಕೊಂಡು ಹೋಗುವುದು, ಕಂಡದ್ದರ ಎದುರು ನಿಲ್ಲಿಸಿ ಪ್ರಶ್ನೆ ಕೇಳುವುದು, ಅಷ್ಟೇ ಪಾಠ. ಈ ಬೆಣಚುಕಲ್ಲು ಇಷ್ಟು ನುಣ್ಣಗೆ ದುಂಡಗಾಗಲು ಎಲ್ಲಿಂದ ಉರುಳಿ ಬಂದಿರಬೇಕು ಎಂದು ಕೇಳಿದರೆ ಅದು ಭೂವಿಜ್ಞಾನ. ಬಂಡೆಯ ಹಿಂದೆ ನೀರು ಯಾಕೆ ಹಿಮ್ಮುಖವಾಗಿ ಸುತ್ತುತ್ತದೆ ಎಂದರೆ ಭೌತವಿಜ್ಞಾನ. ನೀರುನಾಯಿ ಬಿಟ್ಟುಹೋದ ಹಿಕ್ಕೆಯನ್ನು ಕಡ್ಡಿಯಿಂದ ಕೆದಕಿ ಒಳಗಿನ ಮೀನಿನ ಮುಳ್ಳು ತೋರಿಸುವಾಗ ಮೂಗು ಮುಚ್ಚಿಕೊಂಡಿದ್ದ ಮಕ್ಕಳೂ ಬಗ್ಗಿ ನೋಡುತ್ತಿದ್ದರು.

ಪಾಠದ ಕೊನೆಗೆ ಎಲ್ಲರೂ ನದಿ ಜೀವಶೋಧ ಕೇಂದ್ರದೊಳಕ್ಕೆ ಬರಬೇಕು. ಕೇಂದ್ರವೆಂದರೆ ದಂಡೆಯ ಮೇಲಿನ ಎರಡು ಕೋಣೆ, ಒಂದು ಪಂಪು, ಮತ್ತು ಬೀರುವಿನಷ್ಟು ದೊಡ್ಡದೊಂದು ಯಂತ್ರ. ಯಂತ್ರಕ್ಕೆ ಉದ್ದನೆಯ ಸರ್ಕಾರಿ ಹೆಸರಿತ್ತು. ಊರಿನವರು ಅದನ್ನು ಮೂಸುಪೆಟ್ಟಿಗೆ ಎನ್ನುತ್ತಿದ್ದರು. ನೀರಿಗಿಳಿದ ಪ್ರತಿ ಜೀವಿಯೂ ತನ್ನದೇನನ್ನಾದರೂ ಅಲ್ಲಿ ಬಿಟ್ಟು ಬರುತ್ತದೆ: ಚರ್ಮದ ಹೊಟ್ಟು, ಎಂಜಲು, ಲೋಳೆ. ಅದರಲ್ಲಿರುವ ಡಿಎನ್‌ಎ ಚೂರುಗಳು ಕೆಲವು ದಿನ ನೀರಿನೊಡನೆ ತೇಲಿ, ಆಮೇಲೆ ಕರಗಿಹೋಗುತ್ತವೆ. ಪೆಟ್ಟಿಗೆ ನದಿಯ ನೀರನ್ನು ಹೀರಿ, ಆ ಚೂರುಗಳನ್ನು ಓದಿ, ಯಾವ ಯಾವ ಜೀವಿ ನೀರಿಗೆ ಬಂದು ಹೋಯಿತೆಂದು ಪರದೆಯ ಮೇಲೆ ತೋರಿಸುತ್ತಿತ್ತು.

ಆ ಶನಿವಾರ ಮಕ್ಕಳು ಪರದೆಯನ್ನು ಗಟ್ಟಿಯಾಗಿ ಓದುತ್ತಿದ್ದರು. ಬಿಳಿಮೀನು. ನೀರುನಾಯಿ. ಮೊಸಳೆ. ಬೆಳ್ಳಕ್ಕಿ. ಎಮ್ಮೆ.

"ಮನುಷ್ಯರು ಯಾಕಿಲ್ಲ ಮೇಡಂ? ನಮ್ಮಮ್ಮ ಬೆಳಿಗ್ಗೆ ಬಟ್ಟೆ ಒಗೀತಿದ್ರು" ಎಂದು ಒಬ್ಬಳು ಕೇಳಿದಳು.

"ಮನುಷ್ಯರದ್ದು ಬಂದ್ರೆ ಓದದೇ ಅಳಿಸಿಬಿಡುತ್ತೆ. ಯಾರು ಯಾವಾಗ ನದಿಗೆ ಬಂದ್ರು ಅಂತ ಪತ್ತೆ ಮಾಡೋದು ಕಾನೂನಿಗೆ ವಿರುದ್ಧ" ಎಂದಳು ವಸುಂಧರ. "ಇಲ್ಲಿ ಕೆಲಸ ಮಾಡೋ ನಮ್ಮನ್ನ ಮಾತ್ರ ಅದು ಗುರುತು ಹಿಡಿಯುತ್ತೆ. ನಮ್ಮ ಕೈಯಿಂದ, ಉಸಿರಿಂದ ಏನಾದ್ರೂ ಸೇರಿಕೊಂಡ್ರೆ ಲೆಕ್ಕ ಕೆಡಬಾರದಲ್ಲ, ಅದಕ್ಕೆ. ಕೆಳಗೆ ನೋಡಿ, ಸಣ್ಣಕ್ಷರದಲ್ಲಿ ಇರುತ್ತೆ."

ಹುಡುಗಿ ಬಗ್ಗಿ ಓದಿದಳು. "ಕಳೆಯಲಾದ ಕಲಬೆರಕೆ: ಸಿಬ್ಬಂದಿ ಎರಡು, ಸಿಬ್ಬಂದಿ ನಾಲ್ಕು." ಆಮೇಲೆ ತಲೆಯೆತ್ತಿದಳು. "ನಾಲ್ಕು ಯಾರು ಮೇಡಂ?"

ವಸುಂಧರ ಪರದೆ ಆರಿಸಿದಳು, ಆದರೆ ಸಿಬ್ಬಂದಿಯ ಪಟ್ಟಿ ಪಕ್ಕದ ಗೋಡೆಯ ಮೇಲೆಯೇ ಇತ್ತು. ಆ ಸಣ್ಣಕ್ಷರದ ಸಾಲನ್ನು ಅಲ್ಲಿಯವರೆಗೆ ದೊಡ್ಡವರು ಯಾರೂ ಗಮನಿಸಿ ಓದಿರಲಿಲ್ಲ. ಎರಡು ಎಂದರೆ ಅವಳೇ. ನಾಲ್ಕು ಎಂದರೆ ಅವಳ ತಂಗಿ ಸಿಂಚನ. ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ, ಅಣೆಕಟ್ಟೆಯಿಂದ ನೀರು ಬಿಟ್ಟಿದ್ದಾಗ, ಕೊಚ್ಚಿಹೋಗುತ್ತಿದ್ದ ಪಂಪನ್ನು ಬಿಗಿಯಲು ಹರಿಗೋಲಿನಲ್ಲಿ ಹೋಗಿದ್ದಳು. ಹರಿಗೋಲು ಮೂರನೆಯ ದಿನ ಕೆಳಗಿನ ಮಡುವಿನಲ್ಲಿ ಸಿಕ್ಕಿತು. ಸಿಂಚನ ಸಿಗಲಿಲ್ಲ.

*

"ಕಲಬೆರಕೆನೇ ಇರ್ಬೇಕು ಮೇಡಂ" ಎಂದ ಫಯಾಜ್. ಯಂತ್ರದ ಉಸ್ತುವಾರಿ ಅವನದು. ಶ್ರೀರಂಗಪಟ್ಟಣದವನು, ಯಾವುದನ್ನೂ ಎರಡು ಸಲ ನೋಡದೆ ಒಪ್ಪುವವನಲ್ಲ. "ಅವ್ರ ರೇನ್‌ಕೋಟ್ ಇನ್ನೂ ಪಂಪ್ ರೂಮಲ್ಲೇ ನೇತಾಡ್ತಿದೆ. ಯಾರೋ ಮುಟ್ಟಿರ್ತಾರೆ."

ರೇನ್‌ಕೋಟನ್ನು ತೆಗೆದು ಸುಟ್ಟರು. ಕೊಳವೆಗಳನ್ನೆಲ್ಲ ಬದಲಾಯಿಸಿದರು. ಫಯಾಜ್ ಕೋಣೆಯ ನೆಲ, ಗೋಡೆ, ಮೇಜಿನ ಕಾಲುಗಳನ್ನೂ ಬ್ಲೀಚ್ ಹಾಕಿ ಒರೆಸಿದ. ಶುದ್ಧಮಾಡಿದ ನೀರು ಕೊಟ್ಟಾಗ ಪೆಟ್ಟಿಗೆ ಏನನ್ನೂ ತೋರಿಸಲಿಲ್ಲ. ನದಿಯ ನೀರು ಕೊಟ್ಟೊಡನೆ ಮತ್ತೆ ಸಿಬ್ಬಂದಿ ನಾಲ್ಕು.

ನದಿಯಲ್ಲಿ ಬಿದ್ದ ದೇಹದ್ದು ಇಷ್ಟು ಕಾಲ ಉಳಿಯಲು ಸಾಧ್ಯವಿಲ್ಲ. ಕೋಣೆಯದ್ದೂ ಅಲ್ಲ. ಹಾಗಾದರೆ ಉಳಿದದ್ದು ಒಂದೇ ಮಾತು. ಅದನ್ನು ಇಬ್ಬರೂ ಆಡಲಿಲ್ಲ. ಕೆಲವು ಬೆಳಿಗ್ಗೆ ಗುರುತು ಗಾಢವಾಗಿರುತ್ತಿತ್ತು, ಕೆಲವು ಬೆಳಿಗ್ಗೆ ತೆಳುವಾಗಿ, ಒಮ್ಮೊಮ್ಮೆ ಇರುತ್ತಲೇ ಇರಲಿಲ್ಲ. ಅದು ಮನೆಯಿಂದ ಹೊರಗೆ ಹೋಗಿ ಬರುವವರ ರೀತಿ ಎಂದು ವಸುಂಧರಳಿಗೆ ಅನ್ನಿಸತೊಡಗಿತು. ಎಲ್ಲರಿಗಿಂತ ಮೊದಲೇ ಕೇಂದ್ರಕ್ಕೆ ಬಂದು ಬೀಗ ತೆಗೆದು ಪರದೆಯ ಮುಂದೆ ನಿಲ್ಲುವಳು. ನಾಲ್ಕು ಕಂಡರೆ ಕುರ್ಚಿ ಎಳೆದುಕೊಂಡು ಅಲ್ಲೇ ಕೂರುವಳು. ಕಾಣದಿದ್ದರೆ ಆ ದಿನವೆಲ್ಲ ಕೆಲಸ ಮಾಡಲಾಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಫಯಾಜ್ ಕುರ್ಚಿ ಎಳೆದುಕೊಂಡು ಎದುರು ಕೂತ. "ಇನ್ನೊಂದು ವಿಷಯ ಇದೆ. ಹೇಳ್ಬೇಕೋ ಬೇಡ್ವೋ ಗೊತ್ತಾಗ್ತಿಲ್ಲ."

"ಹೇಳು."

"ಡಿಎನ್‌ಎ ಯಾವ ಅಂಗದಿಂದ ಬಂತು ಅನ್ನೋದಕ್ಕೆ ಅದರ ಮೇಲೇ ಗುರುತು ಇರುತ್ತಲ್ಲ, ಅದನ್ನ ಓದಿಸ್ದೆ. ನದಿಗಿಳಿದವರಿಂದ ಮೊದಲು ಉದುರೋದು ಚರ್ಮ. ನಿಮ್ಮದೂ ಚರ್ಮದ್ದೇ ಬಂದಿದೆ, ನಂದೂ ಅಷ್ಟೇ. ಸಿಂಚನ ಅವರದ್ದು..." ಅವನು ಕನ್ನಡಕ ತೆಗೆದು ಅಂಗಿಗೆ ಒರೆಸಿಕೊಂಡ. "ಬರೀ ರಕ್ತದ್ದು ಮೇಡಂ. ಬಿಳಿರಕ್ತಕಣ. ಚರ್ಮದ್ದು ಒಂದು ಚೂರೂ ಇಲ್ಲ."

ವಸುಂಧರ ಎದ್ದು ಕಿಟಕಿಗೆ ಹೋದಳು. ಹೊರಗೆ ನದಿ ಎಂದಿನಂತೆ ಹರಿಯುತ್ತಿತ್ತು. ನದಿಯ ಮೇಲ್ಗಡೆ ಎಲ್ಲೋ ಅವಳ ತಂಗಿ ಇದ್ದಾಳೆ, ಚರ್ಮವಿಲ್ಲದೆ, ಬರೀ ರಕ್ತವಾಗಿ. ಅಥವಾ ಯಾವುದೋ ಮನೆಯಲ್ಲಿ ಕೂಡಿಹಾಕಿದ್ದಾರೆ, ಅವಳ ಗಾಯ ತೊಳೆದ ನೀರು ಮಾತ್ರ ನದಿಗೆ ಬರುತ್ತಿದೆ.

*

ಮನೆಯಲ್ಲಿ ತಾಯಿ ಭದ್ರಮ್ಮನಿಗೆ ಅವಳು ಏನೂ ಹೇಳಿರಲಿಲ್ಲ. ಭದ್ರಮ್ಮನ ಗಂಡ ನಾಲೆಯ ನೀರುಗಂಟಿಯಾಗಿದ್ದವನು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕೆಂದು ನೋಡಿಕೊಳ್ಳುವ ಕೆಲಸ. ಅವನು ತೀರಿಕೊಂಡು ಬಹಳ ವರ್ಷವಾಗಿತ್ತು. ಚಿಕ್ಕಮಗಳ ವಿಷಯದಲ್ಲಿ ಭದ್ರಮ್ಮನದು ಒಂದೇ ಹಟ. ದೇಹ ಕಾಣದೆ ತಿಥಿ ಮಾಡುವುದಿಲ್ಲ. ನೆಂಟರು ಬಂದು ಹೇಳಿದರು, ಊರ ಹಿರಿಯರು ಹೇಳಿದರು. "ನೀವ್ಯಾರಾದ್ರೂ ಕಣ್ಣಲ್ಲಿ ನೋಡಿದ್ದೀರಾ?" ಎಂದು ಕೇಳಿ, ಅವರಿಗೆಲ್ಲ ಕಾಪಿ ಕೊಟ್ಟು ಕಳಿಸುತ್ತಿದ್ದಳು.

ಮನೆಯ ನಲ್ಲಿಗೆ ಬರುವುದೂ ಅದೇ ನದಿಯ ನೀರು. ಭದ್ರಮ್ಮ ಬಿಂದಿಗೆ ತುಂಬಿ, ಲೋಟಕ್ಕೆ ಬಗ್ಗಿಸಿ ಮಗಳ ಮುಂದೆ ಇಡುತ್ತಿದ್ದಳು. ವಸುಂಧರ ಅದನ್ನು ಬಾಯಿಗೆ ಹಿಡಿದು ಹಾಗೆಯೇ ಕೆಳಗಿಡುವಳು. ಬಾಯಾರಿದರೆ ಅಂಗಡಿಯಿಂದ ಬಾಟಲಿ ತರುವಳು.

ಆದರೆ ಮಕ್ಕಳ ಬಾಯಿ ಕಟ್ಟಲಾಗುತ್ತದೆಯೇ? ಪೆಟ್ಟಿಗೆ ಸಿಂಚನಕ್ಕನ ಹೆಸರು ತೋರಿಸಿತಂತೆ ಎಂಬ ಸುದ್ದಿ ಮನೆಮನೆಗೆ ಹೋಯಿತು. ಬಟ್ಟೆ ಒಗೆಯುವ ಹೆಂಗಸರು ದಂಡೆಗೆ ಬರುವುದನ್ನು ಕಡಿಮೆ ಮಾಡಿದರು. ಯಾರೋ ಮೆಟ್ಟಿಲ ಮೇಲೆ ಹಸಿರು ಬಳೆ, ಅರಿಶಿನ ಇಟ್ಟುಹೋದರು. ಅದಕ್ಕಿಂತ ಕಷ್ಟವಾದದ್ದು ಇನ್ನೊಂದು. ನದಿಯಲ್ಲಿ ತಮ್ಮವರನ್ನು ಕಳೆದುಕೊಂಡವರು ಒಬ್ಬೊಬ್ಬರಾಗಿ ಕೇಂದ್ರಕ್ಕೆ ಬರತೊಡಗಿದರು. ಒಬ್ಬ ಮುದುಕ ಮೊಮ್ಮಗನ ಅಂಗಿ ತಂದಿದ್ದ. ಒಬ್ಬಳು ಗಂಡನ ಬಾಚಣಿಗೆಯನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದಳು. "ಇದರಲ್ಲಿ ಕೂದಲು ಇದೆ ಸಾರ್, ಪೆಟ್ಟಿಗೆಗೆ ಇದನ್ನೂ ಒಂದು ಕಲಿಸಿಬಿಡಿ" ಎಂದು ಫಯಾಜನ ಕೈಹಿಡಿದುಕೊಂಡಳು. ಆಗುವುದಿಲ್ಲ, ಕಾನೂನಿಲ್ಲ ಎಂದು ಅವನು ಹೇಳುತ್ತಿದ್ದ. ಅವರು ಹೋದಮೇಲೆ ಬಾಗಿಲು ಹಾಕಿಕೊಳ್ಳುತ್ತಿದ್ದ.

ಭದ್ರಮ್ಮನಿಗೂ ಗೊತ್ತಾಯಿತು. ಅವಳು ಕೂಗಾಡಲಿಲ್ಲ. ಮಗಳು ಕೆಲಸದಿಂದ ಬಂದು ಕೈಕಾಲು ತೊಳೆದುಕೊಳ್ಳುವವರೆಗೂ ಕಾದು ಕೇಳಿದಳು.

"ಅವ್ಳು ಬದುಕವ್ಳಾ, ಇಲ್ವಾ? ಅಷ್ಟು ಹೇಳು."

"ನಂಗೊತ್ತಿಲ್ಲ ಕಣವ್ವ."

"ನಿನ್ನ ಪೆಟ್ಟಿಗೆ ಏನಂತದೆ?"

ವಸುಂಧರ ಕೈ ಒರೆಸಿಕೊಂಡು, "ಅವಳೇ ಅಂತದೆ" ಎಂದಳು.

"ನೀರು ಮೇಲಿಂದ ತಾನೆ ಬರೋದು?" ಭದ್ರಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದಳು. "ಹಂಗಾದ್ರೆ ನಡಿ, ಮೇಲಕ್ಕೋಗಾನ."

*

ಫಯಾಜ್ ಕೈಯಲ್ಲಿ ಹಿಡಿಯುವ ಚಿಕ್ಕ ಪೆಟ್ಟಿಗೆಯನ್ನು ಕೊಟ್ಟ. ಅದು ಒಂದು ಸಲಕ್ಕೆ ಒಂದೇ ಜೀವಿಯನ್ನು ಹುಡುಕಬಲ್ಲದು. ಏನನ್ನು ಹುಡುಕಲು ಅದನ್ನು ಸಿದ್ಧಮಾಡಿದ್ದಾನೆಂದು ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ. ಕೇಂದ್ರದ ಹಳೆಯ ಜೀಪಿನಲ್ಲಿ ತಾಯಿ ಮಗಳು ಹೊರಟರು.

ತಿರುಮಕೂಡಲಿನ ಸಂಗಮದಲ್ಲಿ ಮೊದಲ ಪ್ರಶ್ನೆ ಎದುರಾಯಿತು. ಒಂದು ಕಡೆಯಿಂದ ಕಾವೇರಿ, ಇನ್ನೊಂದು ಕಡೆಯಿಂದ ಕಪಿಲೆ. ಹರಿಗೋಲಿನವನು ಇಬ್ಬರನ್ನೂ ನಡುನೀರಿಗೆ ಕರೆದೊಯ್ದ. ಎರಡು ನೀರೂ ಕೂಡಿದ ಮೇಲೂ ಸ್ವಲ್ಪ ದೂರ ತಮ್ಮ ಪಾಡಿಗೆ ತಾವು ಹರಿಯುತ್ತವೆ. ಒಂದು ಮಣ್ಣಿನ ಬಣ್ಣ, ಒಂದು ಪಾಚಿಯ ಹಸಿರು ತಿರುಗಿದ್ದು. ಕೈ ಅದ್ದಿದರೆ ಒಂದು ಇನ್ನೊಂದಕ್ಕಿಂತ ತುಸು ತಣ್ಣಗೆ. ವಸುಂಧರ ಕಾವೇರಿಯ ನೀರನ್ನು ಪೆಟ್ಟಿಗೆಗೆ ಹಾಕಿ ಕಾದಳು. ಏನೂ ಇಲ್ಲ. ಕಪಿಲೆಯದನ್ನು ಹಾಕಿದಳು. ಹಸಿರು ದೀಪ ಹತ್ತಿತು.

ಭದ್ರಮ್ಮ ದೀಪವನ್ನೇ ನೋಡಿದಳು. ಆಮೇಲೆ ಕಪಿಲೆ ಬರುವ ದಿಕ್ಕಿಗೆ ಮುಖ ಮಾಡಿ ಕೂತಳು.

ಕಪಿಲೆಯ ದಂಡೆ ಹಿಡಿದು ಊರೂರು ನಿಂತರು. ಪ್ರತಿ ಸೋಪಾನಕಟ್ಟೆಯಲ್ಲಿ ವಸುಂಧರ ನೀರು ತೆಗೆಯುವಳು. ಭದ್ರಮ್ಮ ಸಿಂಚನಳ ಫೋಟೋ ಹಿಡಿದು ಅಲ್ಲಿದ್ದವರನ್ನು ಕೇಳುವಳು. ಕೇಳುವುದಕ್ಕೆ ಮೊದಲು ಅಲ್ಲಿರುವ ಪ್ರತಿಯೊಬ್ಬ ಹೆಂಗಸಿನ ಮುಖವನ್ನೂ ನೋಡುವಳು. ಬಾಗಿ ಬಟ್ಟೆ ಹಿಂಡುವವಳು ತಲೆಯೆತ್ತುವವರೆಗೂ ಕಾಯುವಳು. ತಲೆಯೆತ್ತಿದರೆ ಬೇರೆ ಯಾರೋ ಆಗಿರುತ್ತಿದ್ದರು. "ಏನವ್ವ?" ಎಂದರೆ, "ಏನಿಲ್ಲ ಕಣವ್ವ, ನಮ್ಮುಡುಗಿ ಥರ ಕಂಡೆ" ಎನ್ನುವಳು.

ಮೇಲೆ ಹೋದಷ್ಟೂ ಗುರುತು ಬಲವಾಗುತ್ತಿತ್ತು. ಆದರೆ ನಂಜನಗೂಡು ಮುಟ್ಟಿದ ಮರುದಿನ ಬೆಳಿಗ್ಗೆ ದೀಪ ಹತ್ತಲಿಲ್ಲ. ಹತ್ತು ಕಡೆ ನೀರು ತೆಗೆದರೂ ಹತ್ತಲಿಲ್ಲ. ಛತ್ರದ ಕೋಣೆಯಲ್ಲಿ ಭದ್ರಮ್ಮ ಊಟದ ಎಲೆಯ ಮುಂದೆ ಕೂತು ಕಲಸಿದ ಅನ್ನವನ್ನು ಹಾಗೇ ಬಿಟ್ಟಳು. "ಇಷ್ಟು ಹತ್ರ ಬಂದ್ವಲ್ಲ. ನಾವು ಬರೋದು ಗೊತ್ತಾಗಿ ಎದ್ದೋದ್ಲಾ?"

ವಸುಂಧರ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ನೀರೊಳಗಿನ ಕಲ್ಲಿಗೆ ಲೋಳೆಯಂಥ ಪಾಚಿ ಹಿಡಿದಿತ್ತು, ಅದನ್ನು ಮೇಯುತ್ತ ಬಸವನಹುಳುಗಳು ಅಂಟಿಕೊಂಡಿದ್ದವು. ಹರಿಯುವ ನೀರು ಬಂದದ್ದನ್ನೆಲ್ಲ ಹೊತ್ತುಕೊಂಡು ಹೋಗುತ್ತದೆ. ಪಾಚಿಯ ಲೋಳೆ ಮಾತ್ರ ಒಂದಿಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ. ಅವಳು ಉಗುರಿನಿಂದ ಒಂದು ಚೂರು ಕೆರೆದು ಪೆಟ್ಟಿಗೆಗೆ ಹಾಕಿದಳು. ದೀಪ ಮಂದವಾಗಿ ಹತ್ತಿತು.

ಅಲ್ಲಿಂದ ಮುಂದೆ ನೀರನ್ನು ಬಿಟ್ಟು ಕಲ್ಲುಗಳನ್ನು ಹಿಡಿದು ಹೋದರು. ಕಲ್ಲು ಕೆರೆಯುವುದು, ಕಾಯುವುದು, ಮುಂದಿನ ಕಟ್ಟೆಗೆ ಹೋಗುವುದು. ಸಂಜೆಯ ಹೊತ್ತಿಗೆ ಹೊಂಗೆಪುರ ಎಂಬ ಚಿಕ್ಕ ಊರಿಗೆ ಬಂದರು. ಅಲ್ಲಿನ ಮೆಟ್ಟಿಲುಗಳ ಕೆಳಗಿನ ಕಲ್ಲುಗಳಿಗೆಲ್ಲ ದೀಪ ಹತ್ತಿತು. ಮೆಟ್ಟಿಲುಗಳಿಗಿಂತ ಮೇಲಿದ್ದ ಯಾವ ಕಲ್ಲಿಗೂ ಹತ್ತಲಿಲ್ಲ.

"ಇಲ್ಲೇ ಅವ್ವ" ಎಂದಳು ವಸುಂಧರ.

*

ಊರಿನ ಶಾಲೆಯ ಜಗಲಿಯಲ್ಲಿ ಮಲಗಿದ್ದು, ಬೆಳಕು ಹರಿಯುವುದರೊಳಗೆ ಮೆಟ್ಟಿಲಿಗೆ ಬಂದು ಕೂತರು. ವಸುಂಧರ ಪೆಟ್ಟಿಗೆಯ ಕೊಳವೆಯನ್ನು ಕೆಳಗಿನ ಮೆಟ್ಟಿಲ ಪಕ್ಕ ನೀರಿಗಿಳಿಸಿದ್ದಳು. ಒಬ್ಬೊಬ್ಬರೇ ಬರತೊಡಗಿದರು. ಬಿಂದಿಗೆ ಹಿಡಿದ ಸೊಸೆಯರು, ಪಾತ್ರೆ ಬೆಳಗುವ ಮುದುಕಿ, ತಲೆಗೆ ಎಣ್ಣೆ ಹಚ್ಚಿಕೊಂಡ ಹುಡುಗಿಯರು. ಭದ್ರಮ್ಮ ಒಂದು ಮುಖವನ್ನೂ ಬಿಡಲಿಲ್ಲ. ಮುದುಕಿಯ ಮುಖವನ್ನು ಕೂಡ ನೋಡಿದಳು. ಬಿಸಿಲು ಮೆಟ್ಟಿಲಿಗೆ ಇಳಿಯುವಷ್ಟರಲ್ಲಿ ಎಲ್ಲರೂ ಹೋಗಿದ್ದರು. ದೀಪ ಹತ್ತಿರಲಿಲ್ಲ.

ಆಮೇಲೆ ಒಬ್ಬ ಗಂಡಸು ಎರಡು ಎಮ್ಮೆ ಹೊಡೆದುಕೊಂಡು ಬಂದ. ನಲವತ್ತೈದರ ಆಸುಪಾಸು, ಅಗಲವಾದ ಬೆನ್ನು, ದಪ್ಪ ಮೀಸೆ, ಬಾಯಲ್ಲಿ ಬೇವಿನಕಡ್ಡಿ. ಎಮ್ಮೆಗಳನ್ನು ನೀರಿಗಿಳಿಸಿ, ತಾನೂ ಮೊಣಕಾಲವರೆಗೆ ಇಳಿದು, ಬೊಗಸೆಯಲ್ಲಿ ನೀರು ತೆಗೆದು ಬಾಯಿ ಮುಕ್ಕಳಿಸಿ ಉಗುಳಿದ. ಮತ್ತೆ ಮುಕ್ಕಳಿಸಿದ.

ಪೆಟ್ಟಿಗೆ ಓದಲು ಸ್ವಲ್ಪ ಹೊತ್ತು ತೆಗೆದುಕೊಂಡಿತು. ಅವನು ಎಮ್ಮೆಯ ಮೈ ತಿಕ್ಕಿ ಮುಗಿಸುವಷ್ಟರಲ್ಲಿ ಹಸಿರು ದೀಪ, ಈ ದಾರಿಯಲ್ಲಿ ಎಲ್ಲೂ ಕಾಣದಷ್ಟು ಪ್ರಖರವಾಗಿ, ಹತ್ತಿಕೊಂಡಿತು.

ವಸುಂಧರ ದೀಪವನ್ನು ನೋಡಿದಳು, ಅವನನ್ನು ನೋಡಿದಳು. ಎಂಜಲಿನ ತುಂಬ ಇರುವುದು ಬಿಳಿರಕ್ತಕಣಗಳೇ ಎಂಬುದು ಅವಳಿಗೆ ಗೊತ್ತಿತ್ತು. ಬರೀ ರಕ್ತದ್ದು ಮೇಡಂ, ಚರ್ಮದ್ದು ಒಂದು ಚೂರೂ ಇಲ್ಲ. ಈ ಮನುಷ್ಯನ ಚರ್ಮ ಅವನದೇ. ರಕ್ತ ಅವನದಲ್ಲ. ಹೀಗಾಗುವುದಕ್ಕೆ ವೈದ್ಯರ ಹತ್ತಿರ ಒಂದೇ ದಾರಿಯಿದೆ. ಎದ್ದವಳು ಮತ್ತೆ ಕೂತಳು.

"ಅಣ್ಣ, ತಪ್ಪು ತಿಳ್ಕೋಬೇಡಿ. ಒಂದು ಮಾತು ಕೇಳಬೇಕು" ಎಂದಳು ಕೊನೆಗೆ. "ನಿಮಗೆ ಯಾವಾಗಾದ್ರೂ ದೊಡ್ಡ ಕಾಯಿಲೆ ಆಗಿತ್ತಾ?"

ಅವನು ತಿಕ್ಕುವುದನ್ನು ನಿಲ್ಲಿಸಿದ. "ಆಸ್ಪತ್ರೆಯವರಾ ನೀವು? ಮೊನ್ನೆ ತಾನೆ ಮೈಸೂರಿಗೋಗಿ ತೋರುಸ್ಕೊಂಡು, ನೆನ್ನೆಯೂ ಅಲ್ಲೇ ಇದ್ದು ರಾತ್ರಿ ಬಂದಿವ್ನಲ್ಲ. ಎಲ್ಲ ಸರಿಯಾಗದೆ ಅಂದ್ರು."

"ಏನಾಗಿತ್ತು?"

"ರಕ್ತದ ಕ್ಯಾನ್ಸರು. ಐದಾರು ವರ್ಸದ ಮಾತು. ಸಾಯೋನೇ ಅಂತ ಎಲ್ಲ ಕೈಬುಟ್ಟಿದ್ರು. ನಮ್ಮಣ್ಣನ ರಕ್ತನೂ ಕೂಡ್ನಿಲ್ಲ, ತಂಗೀದೂ ಕೂಡ್ನಿಲ್ಲ. ಆಮೇಲೆ ಯಾರೋ ಒಂದು ಹೆಣ್ಣುಮಗ ಕೊಡ್ತು ಕನವ್ವ. ಮೂಳೆ ಒಳಗಿರೋದ್ನ ಕಸಿ ಮಾಡುದ್ರು. ನನ್ನ ರಕ್ತದ ಗುಂಪೇ ಬದಲಾಗೋಯ್ತು." ಅವನು ನಕ್ಕ. "ಯಾರು ಅಂತ ಹೇಳಕಿಲ್ಲ ಅಂದ್ರು. ಓದೋ ಹುಡುಗಿ ಅಂತ ಮಾತ್ರ ಗೊತ್ತು."

ಭದ್ರಮ್ಮ ಮೇಲಿನ ಮೆಟ್ಟಿಲಲ್ಲಿ ಕೂತಿದ್ದಳು. "ಏನಂತೆ?" ಎಂದು ಕೇಳಿದಳು.

ವಸುಂಧರ ತಾಯಿಯ ಪಕ್ಕಕ್ಕೆ ಬಂದು ಕೂತು, ಮೆಲ್ಲಗೆ ಹೇಳಿದಳು. ಮಾವಿಗೆ ಕಸಿ ಕಟ್ಟುವುದಿಲ್ಲವೇ, ಬುಡ ಒಂದರದು, ಮೇಲಿನ ರೆಂಬೆ ಇನ್ನೊಂದರದು. ಹಾಗೆ ಇವನ ಮೂಳೆಯೊಳಗೆ ಸಿಂಚನಳದ್ದನ್ನು ಕಸಿ ಮಾಡಿದ್ದಾರೆ. ಇವನ ಮೈಯಲ್ಲಿ ಓಡುವ ರಕ್ತವೆಲ್ಲ ಅದರಿಂದ ಹುಟ್ಟಿದ್ದು. ಪೆಟ್ಟಿಗೆಗೆ ಕಂಡದ್ದು ಅದು. ಅವಳಲ್ಲ.

"ಮೈಸೂರಲ್ಲಿ ಓದ್ವಾಗ ಒಂದ್ಸಲ ಬೆಂಗ್ಳೂರಿಗೆ ಟ್ರೇನಿಂಗು ಅಂತ ಹೋಗಿದ್ಲು" ಎಂದಳು ಭದ್ರಮ್ಮ. "ಸುಸ್ತಾಗಿ ಬಂದ್ಲು. ಎರಡು ತೋಳಲ್ಲೂ ಸೂಜಿ ಚುಚ್ಚಿದಂಗೆ ಕಪ್ಪಗೆ ಕಂದೋಗಿತ್ತು. ಏನೇ ಅದು ಅಂದ್ರೆ, ಬಸ್ಸಲ್ಲಿ ತಾಗ್ತು ಅಂದ್ಲು. ನಾನು ಅಂಬ್ಲಿ ಕಾಯಿಸಿ ಕೊಟ್ಟೆ." ಅವಳು ಎಮ್ಮೆ ತೊಳೆಯುವವನ ಕಡೆ ನೋಡಿದಳು. ಹೆಂಗಸರ ಮುಖಗಳನ್ನು ನೋಡಿದಂತೆಯೇ ನೋಡಿದಳು. ಹಣೆ, ಕಣ್ಣು, ಮೀಸೆ, ಕುತ್ತಿಗೆ. ಎಲ್ಲೂ ಏನೂ ಇರಲಿಲ್ಲ.

*

ಅವನ ಹೆಸರು ಗುರುಮಲ್ಲು. ಮನೆಗೆ ಬಂದು ಕಾಪಿ ಕುಡಿಯದೆ ಹೋಗಬಾರದೆಂದು ಹಟ ಮಾಡಿ ಕರೆದುಕೊಂಡು ಹೋದ. ಇವರು ಆಸ್ಪತ್ರೆಯ ಕಡೆಯವರೆಂದೇ ಅವನು ನಂಬಿದ್ದ. ಅವನ ಹೆಂಡತಿ ಶಿವಮಣಿ ಚಾಪೆ ಹಾಸಿ, ಎಮ್ಮೆಹಾಲಿನ ಗಟ್ಟಿ ಕಾಪಿ ತಂದಿಟ್ಟಳು. ಆಸ್ಪತ್ರೆಯ ಕಡೆಯವರೆಂದು ತಿಳಿದದ್ದೇ ಅವಳು ಲೋಟಗಳನ್ನು ಅಲ್ಲೇ ಬಿಟ್ಟು ಭದ್ರಮ್ಮನ ಎದುರು ಕೂತಳು.

"ಪ್ರತಿ ಸ್ವಾಮಾರ ನಂಜುಂಡೇಶ್ವರನಿಗೆ ಆ ಮಗೀನ ಹೆಸರಲ್ಲಿ ಅರ್ಚನೆ ಮಾಡುಸ್ತಿವ್ನಿ ಕನವ್ವ. ಅಯ್ನೋರು ಹೆಸರು ಕೇಳ್ತಾರೆ, ನಕ್ಷತ್ರ ಕೇಳ್ತಾರೆ. ಗೊತ್ತಿಲ್ಲ ಸ್ವಾಮಿ, ಒಂದು ಹೆಣ್ಣುಮಗ, ಎಲ್ಲಿದ್ರೂ ಆಯಸ್ಸು ಕೊಡಿ ಅಂತ ಬೇಡ್ಕತೀನಿ." ಅವಳು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. "ನಿಮಗೆ ಗೊತ್ತಿರಬೇಕಲ್ಲ ಆ ಮಗ. ಚೆನ್ನಾಗದಾ?"

ಗುರುಮಲ್ಲುವೂ ಬಾಗಿಲ ಹತ್ತಿರ ನಿಂತು ಕಾಯುತ್ತಿದ್ದ.

ಸುಳ್ಳು ಹೇಳುವುದು ವಸುಂಧರಳಿಗೆ ಯಾವತ್ತೂ ಆಗುತ್ತಿರಲಿಲ್ಲ. ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಜೋಡಿಸಿಕೊಂಡು ಬಾಯಿ ತೆರೆದಳು. ಅಷ್ಟರಲ್ಲಿ ಭದ್ರಮ್ಮ ಮಾತಾಡಿದಳು.

"ಚೆನ್ನಾಗವ್ಳೆ."

"ಮದ್ವೆ ಆಯ್ತಾ ಅವ್ವ?"

"ಇನ್ನೂ ಇಲ್ಲ. ಕೆಲ್ಸ ಮಾಡ್ತಾಳೆ. ನೀರಿನ ಕೆಲ್ಸ."

"ಹೆಸರೇನವ್ವ? ಅಷ್ಟು ಹೇಳಿ, ಯಾರಿಗೂ ಹೇಳಕಿಲ್ಲ. ದೇವರಿಗೆ ಹೇಳಾಕೆ."

ಭದ್ರಮ್ಮ ಕಾಪಿಯ ಲೋಟ ಎತ್ತಿಕೊಂಡು ಒಂದು ಗುಟುಕು ಕುಡಿದಳು. "ಸಿಂಚನ" ಎಂದಳು. "ರೋಹಿಣಿ ನಕ್ಷತ್ರ."

ಶಿವಮಣಿ ಮರೆಯಬಾರದೆಂದು ಆ ಹೆಸರನ್ನು ತನ್ನಷ್ಟಕ್ಕೆ ತಾನು ಎರಡು ಮೂರು ಸಲ ಹೇಳಿಕೊಂಡಳು. ಹೊರಡುವಾಗ ಗುರುಮಲ್ಲು ಭದ್ರಮ್ಮನ ಕಾಲು ಮುಟ್ಟಲು ಬಗ್ಗಿದ. ಅವಳು ಹಿಂದೆ ಸರಿಯಲಿಲ್ಲ. ಕೈಯನ್ನು ಅವನ ತಲೆಯ ಮೇಲೆ ಇಟ್ಟು, ತೆಗೆಯುವುದನ್ನು ಮರೆತವಳಂತೆ ನಿಂತಳು. ಅವನು ಬಗ್ಗಿಯೇ ಇದ್ದ. ಅವನ ಕಿವಿಯ ಹಿಂದಿನ ನರ ಮಿಡಿಯುತ್ತಿದ್ದುದು ವಸುಂಧರಳಿಗೆ ಕಾಣಿಸಿತು. ಅವಳು ಬೇರೆ ಕಡೆ ನೋಡಿದಳು.

*

ಜೀಪಿನಲ್ಲಿ ಭದ್ರಮ್ಮ ಕಿಟಕಿಯ ಕಡೆ ತಿರುಗಿ ಕೂತಳು. ನಂಜನಗೂಡು ದಾಟಿತು, ಗದ್ದೆಬಯಲು ದಾಟಿತು. ಯಾಕೆ ಹಾಗೆ ಹೇಳಿದೆ ಎಂದು ಕೇಳಲು ವಸುಂಧರಳಿಗೆ ಧೈರ್ಯವಾಗಲಿಲ್ಲ. ಇನ್ನು ಮೇಲೆ ಪ್ರತಿ ಸೋಮವಾರ ಒಬ್ಬಳು ಗುಡಿಯಲ್ಲಿ ನಿಂತು, ಸತ್ತವಳ ಹೆಸರು ನಕ್ಷತ್ರ ಹೇಳಿ, ಅವಳಿಗೆ ಆಯಸ್ಸು ಬೇಡುತ್ತಾಳೆ. ಪೂಜಾರಿಯೂ ಮಂತ್ರ ಹೇಳುತ್ತಾನೆ. ಆ ಬೇಡಿಕೆ ಎಲ್ಲಿಗೆ ಹೋಗಿ ಸೇರಬೇಕು?

ಸಂಗಮ ಹತ್ತಿರವಾದಾಗ ಭದ್ರಮ್ಮ, "ಇಲ್ಲಿ ನಿಲ್ಸು" ಎಂದಳು.

ಮಧ್ಯಾಹ್ನವಾಗುತ್ತ ಬಂದಿತ್ತು. ಮೆಟ್ಟಿಲುಗಳ ಮೇಲೆ ಒಂದೆರಡು ಸಂಸಾರಗಳು ಬಾಳೆಲೆ, ಎಳ್ಳು, ದರ್ಭೆ ಹರಡಿಕೊಂಡು ಕೂತಿದ್ದವು. ಭದ್ರಮ್ಮ ಕಪಿಲೆಯ ಕಡೆಗೆ ನಡೆದುಹೋಗಿ, ಸೀರೆ ಎತ್ತಿ ಹಿಡಿದು, ಪಾದ ಮುಳುಗುವಷ್ಟು ನೀರಿನಲ್ಲಿ ನಿಂತಳು.

"ವಸು, ಈಗ ಈ ನೀರಲ್ಲಿ ಅವ್ಳು ಅವ್ಳಾ?"

ವಸುಂಧರ ಪೆಟ್ಟಿಗೆ ತೆಗೆಯಲಿಲ್ಲ. ಲೆಕ್ಕ ಹಾಕಿದಳು. ಹೊಂಗೆಪುರದ ನೀರು ಇಲ್ಲಿಗೆ ಬರಲು ಒಂದು ಹಗಲು ಒಂದು ರಾತ್ರಿ ಬೇಕು. ಈಗ ಕಾಲಿಗೆ ತಾಗುತ್ತಿರುವುದು ನಿನ್ನೆ ಆ ಮೆಟ್ಟಿಲು ದಾಟಿ ಬಂದ ನೀರು. ನಿನ್ನೆ ಗುರುಮಲ್ಲು ಮೈಸೂರಿನಲ್ಲಿದ್ದ.

"ಇಲ್ಲ ಅವ್ವ" ಎಂದಳು. "ಇವತ್ತಿನ ನೀರಲ್ಲಿ ಇಲ್ಲ. ನಾಳೆ ಬರ್ತಾಳೆ."

ಭದ್ರಮ್ಮ ತಲೆಯಾಡಿಸಿದಳು. ಮೆಟ್ಟಿಲು ಹತ್ತಿ ಬಂದು, ಅರಳಿಮರದ ಕೆಳಗೆ ಕೂತಿದ್ದ ಪುರೋಹಿತರ ಮುಂದೆ ನಿಂತಳು.

"ಸ್ವಾಮಿ, ನನ್ನ ಮಗಳದು ತಿಥಿ ಆಗ್ಬೇಕು."

"ಯಾವತ್ತು ತೀರಿಕೊಂಡರು ತಾಯಿ?"

ಭದ್ರಮ್ಮ ಹೇಳಿದಳು. ಆ ದಿನವನ್ನು ಅವಳ ಬಾಯಿಂದ ವಸುಂಧರ ಅಲ್ಲಿಯವರೆಗೆ ಕೇಳಿರಲಿಲ್ಲ.

"ದೇಹ ಸಿಕ್ಕಿತ್ತೇ?"

"ಇಲ್ಲ."

"ಹಾಗಾದರೆ ಮೊದಲು ದರ್ಭೆಯಲ್ಲಿ ರೂಪ ಮಾಡಿ ಸಂಸ್ಕಾರ ಮಾಡಬೇಕಾಗುತ್ತದೆ. ಒಂದು ಒಳ್ಳೆಯ ದಿನ ನೋಡಿ ಹೇಳುತ್ತೇನೆ, ಮನೆಯವರನ್ನೆಲ್ಲ ಕರೆದುಕೊಂಡು ಬನ್ನಿ."

"ಇವತ್ತೇ ಮಾಡ್ಸಿ ಸ್ವಾಮಿ" ಎಂದಳು ಭದ್ರಮ್ಮ. "ನಾಳೆ ಅಂದ್ರೆ ನನ್ನ ಕೈಲಾಗಕಿಲ್ಲ."

ಪುರೋಹಿತರು ಅವಳ ಮುಖ ನೋಡಿದರು. ಬೇರೇನೂ ಕೇಳದೆ ಚೀಲದಿಂದ ದರ್ಭೆಯ ಕಟ್ಟು ತೆಗೆದು, ಬಿಚ್ಚಿ, ಎಳೆಗಳನ್ನು ಆರಿಸತೊಡಗಿದರು. "ಒಂದು ತಂಬಿಗೆ ನೀರು ತನ್ನಿ" ಎಂದರು.

ವಸುಂಧರ ತಂಬಿಗೆ ತೆಗೆದುಕೊಂಡು ಇಳಿದಳು. ಕಪಿಲೆಯ ನೀರಿನಲ್ಲಿ ಮುಳುಗಿಸಿ ತುಂಬಿಕೊಂಡಳು. ಎಷ್ಟೋ ದಿನಗಳ ಮೇಲೆ ಅವಳು ಹೆದರದೆ ಮುಟ್ಟಿದ ನೀರು ಅದು. ತಣ್ಣಗೆ, ತಿಳಿಯಾಗಿ, ಬರೀ ನೀರಾಗಿತ್ತು. ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಅವಳು ಮೆಟ್ಟಿಲು ಹತ್ತಿದಳು.